ಹೊಲಿಗೆ ಕೋಣೆ

ಮಾರ್ಲಿಸ್‌ಳ ಮನೆಯಲ್ಲಿ ಏಪ್ರಿಲ್ ತಿಂಗಳಿಂದ 'ಬೆಡ್‌ರೂಮ್' ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಆಡಿದವರು ಅಂದಿನ ಪಾತ್ರೆ ತೊಳೆಯಬೇಕು ಎಂದು ಅವಳೇ ಕಟ್ಟಳೆ ಮಾಡಿದ್ದಳು. ಗಂಡ ಡ್ವೇನ್ ಮೊದಲ ವಾರದಲ್ಲೇ ಹಲವು ಸಲ ಸಿಕ್ಕಿಬಿದ್ದ. ಪಾತ್ರೆಯನ್ನು ಮಾತ್ರ ಒಂದು ಸಲವೂ ನೆಟ್ಟಗೆ ತೊಳೆಯಲಿಲ್ಲ. ಅವನು ತೊಳೆದಿಟ್ಟದ್ದನ್ನು ಅವಳು ಮತ್ತೊಮ್ಮೆ ತೊಳೆಯಬೇಕಾಗಿ ಬಂದು, ಶಿಕ್ಷೆ ಯಾರಿಗೆ ಎಂಬುದೇ ತಿಳಿಯದಂತಾಯಿತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಹಾಗೆಂದವರು ಕಟ್ಟಿದ ಮನೆಗೆ ಇನ್ನೊಂದು ಕೋಣೆ ಸೇರಿಸಲು ಹೊರಟವರಲ್ಲ. ಹೊಸ ಮನೆಗಾದರೆ ಬರಿಯ ನೆಲ, ಎಲ್ಲಿ ಬೇಕಾದರೂ ಗೂಟ ಹೊಡೆಯಬಹುದು. ಹಳೆಯ ಮನೆಯ ಸುತ್ತ ನಾಲ್ಕು ದಿಕ್ಕಿಗೂ ಏನಾದರೊಂದು ಬಂದು ಕೂತಿರುತ್ತದೆ. ಇಲ್ಲಿ ಉತ್ತರಕ್ಕೆ ಗ್ಯಾಸಿನ ದೊಡ್ಡ ಟ್ಯಾಂಕು. ಪಶ್ಚಿಮಕ್ಕೆ ಸರೋವರ, ದಡದಿಂದ ಇಷ್ಟು ಜಾಗ ಬಿಡಲೇಬೇಕೆಂದು ಕೌಂಟಿಯ, ಎಂದರೆ ಜಿಲ್ಲಾಡಳಿತದ, ಕಾನೂನು. ಪೂರ್ವಕ್ಕೆ ಅತ್ತೆ ಹುಲ್ಡಾಳ ಕಿಟಕಿ. ಅದನ್ನು ಮುಚ್ಚಿದರೆ ರಸ್ತೆಯಲ್ಲಿ ಯಾರ ಕಾರು ಯಾವ ಕಡೆ ಹೋಯಿತೆಂದು ಅವಳಿಗೆ ತಿಳಿಯದು, ಅವಳಿಗೆ ತಿಳಿಯದಿದ್ದರೆ ಊರಿಗೇ ತಿಳಿಯದು. ಉಳಿದದ್ದು ದಕ್ಷಿಣ. ಅಲ್ಲಿ ಅಡಿಗೆಮನೆಯ ಕಿಟಕಿಯಿತ್ತು. ಮದುವೆಯಾಗಿ ಬಂದಾಗಿನಿಂದ ಮಾರ್ಲಿಸ್ ಪಾತ್ರೆ ತೊಳೆಯುತ್ತ ಹೊರಗೆ ನೋಡಿದ್ದು ಆ ಒಂದು ಕಿಟಕಿಯಿಂದಲೇ.

ಅವಳು ಅದನ್ನು ಬಿಟ್ಟುಕೊಟ್ಟಳು. ಯಾರಿಗಾಗಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಮಿನೆಸೋಟದ ಈ ಸರೋವರಗಳ ಸೀಮೆಯಲ್ಲಿ ಅಂಥದನ್ನು ಯಾರೂ ಹೇಳುವುದಿಲ್ಲ. ಪ್ರೀತಿ ಬಂದರೆ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಾರೆ, ಕಾರಿನ ಮೇಲಿನ ಹಿಮ ಕೆರೆದುಕೊಡುತ್ತಾರೆ. ಮಿಕ್ಕದ್ದನ್ನು ಎದುರಿನವರು ತಾವೇ ತಿಳಿದುಕೊಳ್ಳಬೇಕು.

ಕೋಣೆ ಬೇಕಾಗಿದ್ದದ್ದು ಟೆಸ್ಸಾಗೆ. ಮಾರ್ಲಿಸ್‌ಳ ತೀರಿಹೋದ ತಂಗಿಯ ಮೊಮ್ಮಗಳು, ಹತ್ತು ವರ್ಷದವಳು. ತಾಯಿ ಮಾತ್ರೆಗಳ ಚಟಕ್ಕೆ ಬಿದ್ದು ಮಗುವನ್ನು ನೋಡಿಕೊಳ್ಳಲಾರದೆ ಹೋದ ಮೇಲೆ ಹುಡುಗಿ ಅವರಿವರ ಮನೆ ತಿರುಗಿ, ಫೆಬ್ರವರಿಯ ಹಿಮದಲ್ಲಿ ಮಕ್ಕಳ ಇಲಾಖೆಯವಳ ಕಾರಿನಿಂದ ಇಲ್ಲಿ ಇಳಿದಿದ್ದಳು. "ಬರೀ ಎರಡು ವಾರ, ಅಷ್ಟರಲ್ಲಿ ಬೇರೆ ಮನೆ ನೋಡ್ತೀವಿ" ಎಂದಿದ್ದಳು ಇಲಾಖೆಯವಳು. ಮಾರ್ಲಿಸ್ ಒಂದು ವಾರದಲ್ಲೇ, ಹುಡುಗಿ ಶಾಲೆಗೆ ಹೋಗಿದ್ದಾಗ, ಅವಳಿಗೆ ಫೋನ್ ಮಾಡಿ, ನೋಡಬೇಡಿ, ಹುಡುಗಿ ಇಲ್ಲೇ ಇರುತ್ತಾಳೆ ಎಂದುಬಿಟ್ಟಳು. ಇಲಾಖೆಯವಳು ಸಂತೋಷಪಟ್ಟಳು. ಆದರೆ ವರ್ಷಗಟ್ಟಲೆ ಸೋಫಾದ ಮೇಲೆ ಮಲಗಿಸಲಾಗದು, ಕಿಟಕಿ ಬಾಗಿಲಿರುವ ಸ್ವಂತ ಕೋಣೆಯೊಂದು ಬೇಕು ಎಂದಳು. ಇದ್ದ ಎರಡು ಕೋಣೆಗಳಲ್ಲಿ ಒಂದು ಗಂಡ ಹೆಂಡಿರದು, ಇನ್ನೊಂದು ಅತ್ತೆಯದು.

ಹುಡುಗಿ ಹಜಾರದ ಸೋಫಾವನ್ನು ಎಳೆದು ಹಾಸಿಗೆ ಮಾಡಿಕೊಂಡು ಮಲಗುತ್ತಿದ್ದಳು. ಬೆಳಿಗ್ಗೆ ಬೇರೆಯವರು ಏಳುವ ಮೊದಲೇ ಹೊದಿಕೆ ಮಡಚಿಟ್ಟು ಸೋಫಾವನ್ನು ಒಳಗೆ ತಳ್ಳಿ, ಅಲ್ಲಿ ಯಾರೂ ಮಲಗಿಯೇ ಇರಲಿಲ್ಲ ಎನ್ನುವಂತೆ ಮಾಡಿಬಿಡುತ್ತಿದ್ದಳು. ಮಾರ್ಲಿಸ್ ಅವಳಿಗಾಗಿ ಎರಡು ಡ್ರಾಯರ್ ಖಾಲಿ ಮಾಡಿಕೊಟ್ಟಿದ್ದಳು. ಅವು ಖಾಲಿಯೇ ಇದ್ದವು. ಬಟ್ಟೆಯೆಲ್ಲ ಸೋಫಾದ ಹಿಂದಿನ ನೀಲಿ ಚೀಲದಲ್ಲಿ. ಉಪ್ಪು ಕೊಟ್ಟರೆ ಥ್ಯಾಂಕ್ಯೂ, ಬಾಗಿಲು ತೆರೆದರೆ ಥ್ಯಾಂಕ್ಯೂ. ಒಂದು ದಿನವಾದರೂ ರಗಳೆ ಮಾಡಿದ್ದಿಲ್ಲ, ಊಟ ಸೇರದು ಎಂದದ್ದಿಲ್ಲ. ಶಾಲೆಯ ಅಡಿಗೆಮನೆಯಲ್ಲಿ ಕೆಲಸ ಮಾಡುತ್ತ ದಿನವೂ ಮುನ್ನೂರು ಮಕ್ಕಳ ಗಲಾಟೆ ಕೇಳಿದವಳು ಮಾರ್ಲಿಸ್; ಈ ಒಬ್ಬಳ ಮರ್ಯಾದೆಯನ್ನು ಮಾತ್ರ ಅವಳಿಗೆ ಸಹಿಸಲಾಗುತ್ತಿರಲಿಲ್ಲ.

ಸರಿ, ಕೋಣೆ ಕಟ್ಟಿಸೋಣ ಎಂದು ಗಂಡ ಹೆಂಡಿರು ತೀರ್ಮಾನಿಸಿ ಲೈಲ್‌ನನ್ನು ಕರೆದರು. ಲೈಲ್ ಡ್ವೇನ್‌ನ ಚಿಕ್ಕಪ್ಪನ ಮಗ, ಸುತ್ತಮುತ್ತಲ ಮನೆಗಳನ್ನೆಲ್ಲ ಕಟ್ಟಿದವನು ಅಥವಾ ಕೆಡಿಸಿದವನು. ಕಾಫಿ ಬಗ್ಗಿಸಿಕೊಂಡು ಕೂತ.

"ಒಂದು ಬೆಡ್‌ರೂಮ್ ಸೇರಿಸ್ಬೇಕು" ಎಂದಳು ಮಾರ್ಲಿಸ್.

ಲೈಲ್ ಕಾಫಿಯನ್ನು ಕೆಳಗಿಟ್ಟ. "ಅತ್ತಿಗೆ, ಆ ಮಾತು ನಾನು ಕೇಳಿಸ್ಕೊಳ್ಳಲಿಲ್ಲ. ನೀವೂ ಆಡಲಿಲ್ಲ."

"ಯಾಕೆ, ಬೈಗಳೇನೋ ಅದು?"

"ಬೈಗಳಿಗಿಂತ ದುಬಾರಿ. ನಿಮ್ಮ ಅಂಗಳದ ಕೆಳಗಿರೋ ಸೆಪ್ಟಿಕ್ ಟ್ಯಾಂಕ್ ಎರಡು ಬೆಡ್‌ರೂಮಿಗೆ ಅಂತ ಬರೆಸಿರೋದು. ಮೂರನೇದು ಅಂದ್ರೆ ಕೌಂಟಿಯವರು ಹೊಸ ಟ್ಯಾಂಕ್ ಹಾಕಿಸು, ನೀರಿಂಗೋಕೆ ಹೊಸ ಜಾಗ ತೋಡಿಸು ಅಂತಾರೆ. ಸರೋವರದ ಪಕ್ಕ ನೋಡಿ, ಅವರಿಗೆ ಅದೇ ಚಿಂತೆ."

"ಹತ್ತು ವರ್ಷದ ಹುಡುಗಿ! ಅವಳು ಸೋಫಾ ಮೇಲೆ ಮಲಗಿದ್ರೂ ಅದೇ ಬಚ್ಚಲು, ರೂಮಲ್ಲಿ ಮಲಗಿದ್ರೂ ಅದೇ ಬಚ್ಚಲು. ನೀರೇನು ಹೆಚ್ಚಾಗುತ್ತೆ?"

"ಕೌಂಟಿಯವರು ಜನರನ್ನ ಎಣಿಸಲ್ಲ ಅತ್ತಿಗೆ, ಬೆಡ್‌ರೂಮ್ ಎಣಿಸ್ತಾರೆ. ನೀವು ಹಜಾರದಲ್ಲಿ ಇಪ್ಪತ್ತು ಜನರನ್ನ ಮಲಗಿಸಿ, ಯಾರೂ ಕೇಳಲ್ಲ."

"ಜಾಗ ತೋಡೋದಾದ್ರೆ ಎಲ್ಲಿ ತೋಡ್ತಾರೆ?" ಎಂದು ಡ್ವೇನ್ ಕೇಳಿದ.

ಲೈಲ್ ಕಿಟಕಿಯ ಕಡೆ ಗದ್ದ ಎತ್ತಿದ. ಹೊರಗೆ, ಎತ್ತರದ ಒಣ ನೆಲದ ಮೇಲೆ, ಡ್ವೇನ್‌ನ ಕೊಟ್ಟಿಗೆಯಂಥ ದೊಡ್ಡ ಶೆಡ್ಡು ನಿಂತಿತ್ತು. ಅವನೂ ಅವನ ತೀರಿಹೋದ ಅಪ್ಪನೂ ಸೇರಿ ಕಟ್ಟಿದ್ದು. ಒಳಗೆ ದೋಣಿ, ಹೆಪ್ಪುಗಟ್ಟಿದ ಸರೋವರದ ಮೇಲೆ ಎಳೆದೊಯ್ದು ಮೀನು ಹಿಡಿಯಲು ಕೂರುವ ಪುಟ್ಟ ಗುಡಿಸಲು, ಅಪ್ಪನ ಉಪಕರಣಗಳು. ಚಳಿಗಾಲದ ಅರ್ಧವನ್ನು ಡ್ವೇನ್ ಅಲ್ಲೇ ಕಳೆಯುತ್ತಿದ್ದ. ಬೇರೆಲ್ಲ ಕಡೆ ನೆಲ ಜೌಗು. ಶೆಡ್ಡಿನ ಕೆಳಗೊಂದೇ ನೀರು ಇಂಗುವ ಮಣ್ಣು. ಡ್ವೇನ್ ಕಾಫಿಯನ್ನು ಕುಡಿಯದೆ ಹಿಡಿದುಕೊಂಡೇ ಕೂತ.

"ಅದಕ್ಕೇ ಹೇಳ್ತಿರೋದು" ಎಂದ ಲೈಲ್. "ಹೊಲಿಗೆ ರೂಮ್ ಅಂತ ಬರೆಯೋಣ. ಬಟ್ಟೆ ಬೀರು ಗೋಡೆಯೊಳಗೆ ಇರಬಾರದು. ಬೀರು ಕಂಡ ತಕ್ಷಣ ಅವರ ಲೆಕ್ಕದಲ್ಲಿ ಅದು ಬೆಡ್‌ರೂಮ್. ಕಟ್ಟಿ ಮುಗಿದ ಮೇಲೆ ಮಂಚ ಹಾಕ್ಕೊಳ್ಳಿ, ಯಾರು ಬಂದು ನೋಡ್ತಾರೆ? ಮಕ್ಕಳ ಇಲಾಖೆಯವರ ಕಚೇರಿನೇ ಬೇರೆ, ಇವರ ಕಚೇರಿನೇ ಬೇರೆ. ಒಬ್ಬರ ಮುಖ ಇನ್ನೊಬ್ಬರು ನೋಡಲ್ಲ."

ಲೈಲ್ ಹೊಸದೇನೂ ಹೇಳಿರಲಿಲ್ಲ. ಸರೋವರದ ಸುತ್ತ ಎಣಿಸುತ್ತ ಹೋದರೆ ಅಂಗಿ ಕಾರ್ಖಾನೆಯಲ್ಲೂ ಇರದಷ್ಟು ಹೊಲಿಗೆ ಕೋಣೆಗಳು ಸಿಗುತ್ತಿದ್ದವು, ಸೂಜಿಗೆ ದಾರ ಪೋಣಿಸಬಲ್ಲವರು ಮಾತ್ರ ಬೆರಳೆಣಿಕೆಯಷ್ಟು. ಮಾರ್ಲಿಸ್‌ಳಿಗೂ ಹೊಲಿಗೆ ಬಾರದು. ಡ್ವೇನ್‌ನ ಅಂಗಿಗೆ ಗುಂಡಿ ಕಿತ್ತುಬಂದರೆ ಪಿನ್ನು ಚುಚ್ಚಿ ಕಳಿಸುತ್ತಿದ್ದಳು. ಆದರೂ ಒಪ್ಪಿದಳು. ಕೌಂಟಿ ಕಚೇರಿಯ ಗುಮಾಸ್ತಳ ಮಗಳು ಟೆಸ್ಸಾಳ ತರಗತಿಯಲ್ಲೇ ಓದುತ್ತಿದ್ದಳು. ಮಗುವಿನ ಬಾಯಿಂದ ಒಂದು ಮಾತು ಜಾರಿದರೆ ಸಾಕಿತ್ತು. ಆದ್ದರಿಂದ ಟೆಸ್ಸಾಗೆ ಏನನ್ನೂ ಬಿಡಿಸಿ ಹೇಳುವುದು ಬೇಡವೆಂದಾಯಿತು. ಹೇಳುವುದೇನಿದೆ? ಮನೆಯಲ್ಲಿ ಕೋಣೆ ಇಲ್ಲದವಳು ಅವಳೊಬ್ಬಳೇ. ಕೋಣೆ ಯಾರಿಗೆಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ?

ಆಮೇಲೆ ಶುರುವಾಯಿತು ನಕ್ಷೆಯ ಗೋಳು. ಲೈಲ್ ಕಾಗದ ತರುತ್ತಿರಲಿಲ್ಲ. ಮಾರ್ಲಿಸ್ ಪೇಸ್ಟ್ರಿ ಇಟ್ಟುಕೊಟ್ಟ ಕಾಗದದ ತಟ್ಟೆಯನ್ನು ಖಾಲಿ ಮಾಡಿ, ಮಗುಚಿ, ಅದರ ಬೆನ್ನ ಮೇಲೆ ಬರೆಯುತ್ತಿದ್ದ. ತಟ್ಟೆ ದುಂಡಗಿದ್ದುದರಿಂದ ಕೋಣೆಯ ಮೂಲೆಗಳು ಯಾವಾಗಲೂ ಹೊರಗೆ ಹೋಗುತ್ತಿದ್ದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಲೈಲ್ ಇಳಿಜಾರು ಸೂರು ಎಂದರೆ ಡ್ವೇನ್ ಸಮತಟ್ಟು ಎನ್ನುವನು. ಡ್ವೇನ್ ಬಾಗಿಲನ್ನು ಅಗಲ ಮಾಡಿಸಬೇಕೆನ್ನುವನು.

"ಅಷ್ಟಗಲ ಯಾಕೆ?"

"ಚಳಿಗಾಲದಲ್ಲಿ ದೋಣಿಯ ಮೋಟಾರು ಒಳಗೆ ತಂದಿಟ್ಕೋಬಹುದು."

"ಮಾರಾಯ, ಮೋಟಾರಿನ ಪಕ್ಕ ಮಗು ಮಲಗ... ಹೊಲೀಬೇಕಾ?" ಎಂದು ಮಾರ್ಲಿಸ್ ನಾಲಿಗೆ ಕಚ್ಚಿಕೊಂಡಳು.

ಕಿವಿ ಮಂದವಾಗಿದ್ದ ಹುಲ್ಡಾ ಮೂಲೆಯ ಕುರ್ಚಿಯಿಂದ, "ಏನಂತೆ? ಬೆಡ್‌ರೂಮ್ ಎಷ್ಟು ಉದ್ದ ಅಂತೆ?" ಎಂದು ಸರೋವರದ ಆಚೆ ದಡಕ್ಕೂ ಕೇಳುವಂತೆ ಕೂಗುವಳು. ಟೆಸ್ಸಾ ಶಾಲೆಯ ಬಸ್ಸಿನಿಂದ ಇನ್ನೂ ಇಳಿದಿರದಿದ್ದರೂ ಮೂವರೂ ಒಟ್ಟಿಗೆ ಶ್‌ಶ್ ಎನ್ನುವರು. ತೊಂಬತ್ತು ದಾಟಿದವಳಿಂದ ಪಾತ್ರೆ ತೊಳೆಸಲಾಗುತ್ತದೆಯೇ? ಅವಳ ಬದಲು ಡ್ವೇನ್ ತೊಳೆಯುವನು, ಮಾರ್ಲಿಸ್ ಮತ್ತೆ ತೊಳೆಯುವಳು. ಹೀಗೆ ಮೇ ತಿಂಗಳು ಮುಗಿಯಿತು. ಅಡಿಗೆಮನೆಯಲ್ಲಿ ತಟ್ಟೆಗಳ ಅಟ್ಟಿ ಬೆಳೆಯಿತೇ ಹೊರತು ಗೋಡೆ ಒಂದಂಗುಲ ಏಳಲಿಲ್ಲ.

ಒಂದು ಸಂಜೆ ಟೇಬಲ್ಲಿನ ತುದಿಯಲ್ಲಿ ಟೆಸ್ಸಾ ಲೆಕ್ಕ ಬರೆಯುತ್ತ ಕೂತಿದ್ದಳು. ಮಾರ್ಲಿಸ್ ಒಂದು ತಟ್ಟೆಯನ್ನು ಅವಳ ಕಡೆ ತಳ್ಳಿ, ಏನೂ ಅಲ್ಲವೆಂಬಂತೆ ಕೇಳಿದಳು: "ಕಿಟಕಿ ಯಾವ ಕಡೆ ಇದ್ರೆ ಚೆನ್ನ, ಟೆಸ್ಸಾ? ಸರೋವರದ ಕಡೆನೋ, ಮರದ ಕಡೆನೋ?"

ಇದು ಅವಳ ಮಟ್ಟಿಗೆ ದೊಡ್ಡ ಮಾತು. ಇದಕ್ಕಿಂತ ಸ್ಪಷ್ಟವಾಗಿ ಅವಳು ಡ್ವೇನ್‌ಗೂ ಏನನ್ನೂ ಹೇಳಿದವಳಲ್ಲ.

ಟೆಸ್ಸಾ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ಹೊಲಿಯೋರಿಗೆ ಬೆಳಕು ಬೇಕಲ್ವಾ ಮಾರ್ಲಿಸ್ ಆಂಟಿ? ಸರೋವರದ ಕಡೆ ಇಟ್ರೆ ಸಂಜೆವರೆಗೂ ಬೆಳಕಿರುತ್ತೆ. ಕೇಳಿದ್ದಕ್ಕೆ ಥ್ಯಾಂಕ್ಯೂ."

ಡ್ವೇನ್ ತೊಡೆ ತಟ್ಟಿಕೊಂಡು ನಕ್ಕ. "ನೋಡಿದ್ಯಾ! ಕಳ್ಳಿ, ನಮಗಿಂತ ಚೆನ್ನಾಗಿ ಕಲಿತುಬಿಟ್ಟಿದ್ದಾಳೆ." ಲೈಲ್ ಕಣ್ಣು ಹೊಡೆದ. ಹುಡುಗಿ ಎಲ್ಲರ ಮುಖ ನೋಡಿ ತಾನೂ ಸ್ವಲ್ಪ ನಕ್ಕಳು. ಹೇಳಿಕೊಡದೆಯೇ ಗುಟ್ಟು ಹಿಡಿದುಬಿಟ್ಟಳಲ್ಲ ಎಂದು ಮಾರ್ಲಿಸ್‌ಳಿಗೆ ಹೆಮ್ಮೆಯಾಯಿತು. ಆ ರಾತ್ರಿ ಹುಡುಗಿಯ ತಟ್ಟೆಗೆ, ಮಾಂಸ ಆಲೂಗಡ್ಡೆ ಒಟ್ಟಿಗೆ ಒಲೆಯಲ್ಲಿಟ್ಟು ಬೇಯಿಸಿದ ಹಾಟ್‌ಡಿಶ್ಶಿನ ಗರಿಗರಿ ಅಂಚೆಲ್ಲ ಬಿತ್ತು.

ಜೂನ್‌ನಲ್ಲಿ, ಶಾಲೆಗೆ ರಜೆ ಬಂದ ಮೇಲೆ, ಸ್ಥಳ ನೋಡಲು ಕೌಂಟಿಯಿಂದ ನೋರ್ಡಾಲ್ ಎಂಬ ಅಧಿಕಾರಿ ಬರುವುದೆಂದಾಯಿತು. ಅದರ ಹಿಂದಿನ ದಿನ ಮಾರ್ಲಿಸ್ ಚರ್ಚಿನ ನೆಲಮಾಳಿಗೆಯಿಂದ ಹೊಲಿಗೆ ಯಂತ್ರವೊಂದನ್ನು ಎರವಲು ತಂದು ಹಜಾರದ ನಡುವೆ ಇಟ್ಟಳು. ಅದರ ತೂಕಕ್ಕೆ ಡ್ವೇನ್‌ನ ಸೊಂಟ ಹಿಡಿದುಕೊಂಡಿತು. ಯಂತ್ರಕ್ಕೆ ಜಾಗ ಮಾಡಲು ಸೋಫಾವನ್ನು ಗೋಡೆಗೆ ಒತ್ತರಿಸಬೇಕಾಯಿತು. ಟೆಸ್ಸಾ ತಾನಾಗಿಯೇ ಬಂದು ಒಂದು ಕಡೆ ಹಿಡಿದಳು, ತನ್ನ ನೀಲಿ ಚೀಲವನ್ನು ಎತ್ತಿ ಬಾಗಿಲ ಬಳಿ ಇಟ್ಟಳು.

"ಅಲ್ಲಿ ಯಾಕೆ? ಕಾಲಿಗೆ ತೊಡರುತ್ತೆ" ಎಂದಳು ಮಾರ್ಲಿಸ್. ಅಂದು ಅವಳಿಗೆ ಎಲ್ಲದಕ್ಕೂ ರೇಗುತ್ತಿತ್ತು.

"ಸಾರಿ" ಎಂದು ಟೆಸ್ಸಾ ಚೀಲವನ್ನು ಹೊರಗಿನ ಮೆಟ್ಟಿಲ ಮೇಲಿಟ್ಟಳು.

ಮರುದಿನ ನೋರ್ಡಾಲ್ ಬಂದ. ಉದ್ದನೆಯ ಮನುಷ್ಯ, ಕಾಫಿ ಬೇಡವೆಂದ, ಬೇಡವೇ ಬೇಡವೆಂದ, ಮೂರನೆಯ ಸಲ ಕೇಳಿದಾಗ ಈ ಕಡೆಯ ಪದ್ಧತಿಯಂತೆ ಕುಡಿದ. ದಕ್ಷಿಣದ ಗೋಡೆಯನ್ನು ಅಳೆದು, ಅಂಗಳದಲ್ಲಿ ಅಡ್ಡಾಡಿ, ಹಜಾರಕ್ಕೆ ಬಂದು ಹೊಲಿಗೆ ಯಂತ್ರದ ಮುಂದೆ ನಿಂತ. ಯಂತ್ರದಲ್ಲಿ ದಾರವಿರಲಿಲ್ಲ. ಅದನ್ನು ಮಾರ್ಲಿಸ್ ಈಗ ನೋಡಿದಳು.

"ಹೊಸ ಕೋಣೆ ಯಾತಕ್ಕೆ?" ಎಂದು ನೋರ್ಡಾಲ್ ಕೇಳಿದ.

"ಹೊಲಿಗೆಗೆ!" ಎಂದರು ಡ್ವೇನ್ ಮತ್ತು ಲೈಲ್ ಒಂದೇ ಉಸಿರಿನಲ್ಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇನ್ನೂ ಸ್ವಲ್ಪ ತಡೆದಾರು. ಹುಲ್ಡಾ ಬಾಯಿ ತೆರೆಯುವುದರೊಳಗೆ ಡ್ವೇನ್ ಅಮ್ಮನ ಕೈಗೆ ಬಿಸ್ಕತ್ತು ಕೊಟ್ಟ.

ನೋರ್ಡಾಲ್ ನಗಲಿಲ್ಲ. ಇಂಥ ಎಷ್ಟೋ ಯಂತ್ರಗಳನ್ನು ಅವನು ಕಂಡಿದ್ದ. ಚರ್ಚಿನ ಈ ಯಂತ್ರವನ್ನೇ ಬೇರೆ ಮನೆಗಳಲ್ಲಿ ಕಂಡಿದ್ದರೂ ಕಂಡಿರಬಹುದು. "ಹೊಲಿಗೆ" ಎಂದು ಬರೆದುಕೊಂಡ. ಕೆಲಸ ಮುಗಿಯಿತು ಎಂದು ಮಾರ್ಲಿಸ್ ಉಸಿರು ಬಿಟ್ಟಳು. ಹೊರಡುತ್ತ, ಬರಿಯ ಸೌಜನ್ಯಕ್ಕೆ, ಅವನು ಸೋಫಾದ ಅಂಚಿನಲ್ಲಿ ಕೂತಿದ್ದ ಟೆಸ್ಸಾಳನ್ನು ಕೇಳಿದ: "ನೀನೂ ಇದೇ ಮನೆಯವಳಾ ಪುಟ್ಟಿ?"

"ಅಲ್ಲ ಸರ್" ಎಂದಳು ಟೆಸ್ಸಾ. "ನಾನು ಸ್ವಲ್ಪ ದಿನಕ್ಕೆ ಅಂತ ಬಂದಿರೋದು. ಹೊಲಿಗೆ ರೂಮ್ ಆಗೋದ್ರೊಳಗೆ ಹೋಗ್ತೀನಿ."

ಡ್ವೇನ್ ಮೀಸೆಯಲ್ಲೇ ನಕ್ಕ. ಭೇಷ್ ಎಂಬಂತೆ ಲೈಲ್ ತಲೆಯಾಡಿಸಿದ.

"ಇಲಾಖೆ ಆಂಟಿಗೂ ಹೇಳಿದೀನಿ" ಎಂದು ಟೆಸ್ಸಾ ಮುಂದುವರಿಸಿದಳು. ದೊಡ್ಡವರಿಗೆ ಅನುಕೂಲವಾಗಲಿ ಎಂದು ಎಲ್ಲವನ್ನೂ ಸರಿಯಾಗಿ ವಿವರಿಸುವ ಮಗುವಿನ ದನಿ. "ಶುಕ್ರವಾರ ಫೋನ್ ಮಾಡಿದ್ರಲ್ಲ, ಆಗ. ಬೇರೆ ಮನೆ ನೋಡಿ ಅಂದೆ. ಇವರು ತುಂಬಾ ಒಳ್ಳೆಯವರು, ಹೋಗು ಅಂತ ಹೇಳೋಕೆ ಇವರಿಗೆ ಕಷ್ಟ ಆಗುತ್ತೆ. ಅದಕ್ಕೆ ನಾನೇ ಹೇಳ್ಬಿಟ್ಟೆ. ಚೀಲ ರೆಡಿ ಇದೆ."

ಡ್ವೇನ್ ಇನ್ನೂ ನಗುತ್ತಲೇ ಇದ್ದ. ಮಾರ್ಲಿಸ್ ಮಾತ್ರ ಹುಡುಗಿಯ ಕೈ ನೋಡಿದಳು. ಎರಡೂ ಕೈಗಳು ಸೋಫಾದ ಬಟ್ಟೆಯನ್ನು ಮುಷ್ಟಿ ಕಟ್ಟಿ ಹಿಡಿದಿದ್ದವು. ಇದು ನಾಟಕವಲ್ಲ. ತಿಂಗಳುಗಟ್ಟಲೆ ಈ ಮಗುವಿನ ಎದುರಿಗೆ ಕೂತು, ಇಲ್ಲದ ಹೊಲಿಗೆಗೆ ಕೋಣೆಯ ಉದ್ದ ಅಗಲ ಮಾತಾಡಿದ್ದರು. ಹಾಸಿಗೆಯಿಲ್ಲದ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಬಟ್ಟೆ ಹೊಲಿಯುವುದಕ್ಕೆ ಕಿಟಕಿ ಎಲ್ಲಿರಬೇಕೆಂದು ಅವಳನ್ನೇ ಕೇಳಿದ್ದರು. ಅವಳು ಥ್ಯಾಂಕ್ಯೂ ಎಂದಿದ್ದಳು. ಮಾರ್ಲಿಸ್‌ಳಿಗೆ ತನ್ನ ಮೇಲೆ, ಗಂಡನ ಮೇಲೆ, ಲೈಲ್‌ನ ತಟ್ಟೆಗಳ ಮೇಲೆ, ಕೌಂಟಿಯ ಮೇಲೆ ಒಟ್ಟಿಗೇ ಎಲ್ಲಿಲ್ಲದ ಸಿಟ್ಟು ಬಂತು.

"ಬೆಡ್‌ರೂಮ್" ಎಂದಳು.

"ಏನಂದ್ರಿ?" ಎಂದ ನೋರ್ಡಾಲ್.

"ಬೆಡ್‌ರೂಮ್ ಅಂದೆ. ಹೊಲಿಗೆನೂ ಇಲ್ಲ, ಮಣ್ಣೂ ಇಲ್ಲ. ನನಗೆ ಗುಂಡಿ ಹಾಕೋಕೂ ಬರಲ್ಲ. ಅದು ಇವಳ ಬೆಡ್‌ರೂಮ್. ಹಾಗಂತ ಬರ್ಕೊಳ್ಳಿ."

"ಮಾರ್ಲಿಸ್!" ಎಂದ ಡ್ವೇನ್.

ನೋರ್ಡಾಲ್ ಪೆನ್ನನ್ನು ಜೇಬಿಗೆ ಹಾಕಿಕೊಂಡ. "ನೋಡಿ ಅಮ್ಮ, ನಾನು ಆಗಲೇ ಹೊಲಿಗೆ ಅಂತ ಬರೆದಾಗಿದೆ. ನಂಗೆ ಕಿವಿ ಸ್ವಲ್ಪ ಮಂದ. ನಾನು ಹೊರಟೆ."

"ಹೊಡೆದುಹಾಕಿ ಬರೀರಿ."

"ಬರೆದ್ರೆ ಏನಾಗುತ್ತೆ ಗೊತ್ತಲ್ಲ? ಆ ಶೆಡ್ ಇರಲ್ಲ. ಈ ವರ್ಷ ಕೋಣೆನೂ ಆಗಲ್ಲ. ಸುಮ್ನೆ ಹೊಲಿಗೆ ಅಂದಿದ್ರೆ..."

"ಹೊಲಿಗೆ ಹೊಲಿಗೆ ಅಂತ ಅಂದೂ ಅಂದೂ ಏನಾಯ್ತು ನೋಡಿ!" ಮಾರ್ಲಿಸ್‌ಳ ದನಿ ಒಡೆಯಿತು. "ಮಗು ಮೂಟೆ ಕಟ್ಕೊಂಡು ಕೂತಿದೆ. ಬರೀರಿ ಅಂತೀನಿ. ಬಟ್ಟೆ ಬೀರು ಗೋಡೆಯೊಳಗೇ ಇರುತ್ತೆ ಅಂತಾನೂ ಬರೀರಿ, ದೊಡ್ಡದು!"

ಲೈಲ್ ತಲೆಯ ಮೇಲೆ ಕೈ ಹೊತ್ತುಕೊಂಡ. ನೋರ್ಡಾಲ್ ಡ್ವೇನ್‌ನ ಮುಖ ನೋಡಿದ. ಡ್ವೇನ್ ಹೊರಗಿನ ಶೆಡ್ಡನ್ನು ನೋಡಿದ. ಅದನ್ನೇ ತುಂಬ ಹೊತ್ತು ನೋಡಿದ. ಆಮೇಲೆ ಟೆಸ್ಸಾಳ ಕಡೆ ತಿರುಗಿದ. ಅವನ ಮುಖದಲ್ಲಿ ನಗು ಹೋಗಿತ್ತು.

"ನೀನು ನಿಜವಾಗ್ಲೂ ಹಾಗಂದ್ಕೊಂಡಿದ್ಯಾ?" ಎಂದು ಕೇಳಿದ.

ಟೆಸ್ಸಾ ಹೊರಗಿನ ಮೆಟ್ಟಿಲ ಮೇಲಿದ್ದ ಚೀಲದ ಕಡೆ ನೋಡಿದಳು.

"ಬರೀರಿ" ಎಂದ ಡ್ವೇನ್ ನೋರ್ಡಾಲ್‌ಗೆ. ಹೇಳಿ, ಸೊಂಟ ಹಿಡಿದುಕೊಂಡು ಹೊಲಿಗೆ ಯಂತ್ರದ ಮೇಲೆಯೇ ಕುಸಿದು ಕೂತ.

ನೋರ್ಡಾಲ್ ಪೆನ್ನು ತೆಗೆದ. ಅದು ಕಾಗದದ ಮೇಲೆ ಕೆರೆಯುವ ಸದ್ದು ಎಲ್ಲರಿಗೂ ಕೇಳಿಸಿತು. ಅವನು ಯಾರ ಮುಖವನ್ನೂ ನೋಡದೆ ಹೊರಟುಹೋದ.

ಮಾರ್ಲಿಸ್ ಟೆಸ್ಸಾಳ ಪಕ್ಕದಲ್ಲಿ ಕೂತಳು. ತಬ್ಬಿಕೊಳ್ಳಬೇಕೋ ಬೇಡವೋ ತಿಳಿಯದೆ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು. ಹುಡುಗಿ ಅಳಬಹುದು ಎಂದುಕೊಂಡಳು, ಇಲ್ಲವೇ ಮತ್ತೆ ಆ ದರಿದ್ರ ಥ್ಯಾಂಕ್ಯೂ ಬರಬಹುದು. ಎರಡೂ ಬರಲಿಲ್ಲ. ಟೆಸ್ಸಾಳ ಮುಖ ಕೆಂಪಗಾಗುತ್ತ ಬಂತು, ಕಿವಿ ಕೆಂಪಾಯಿತು, ಅವಳು ಎದ್ದು ನಿಂತಳು.

"ನಂದಾ?" ಎಂದಳು. "ಅದು ನಂದಾ? ಮೊದಲಿಂದಾನೂ?"

"ಹೂಂ ಮಗು. ಮೊದಲಿಂದಾನೂ."

"ಮತ್ತೆ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆಲ್ಲ!" ಎಂದು ಟೆಸ್ಸಾ ಕಿರುಚಿದಳು. "ನಾನು ದಿನಾ... ದಿನಾ ರಾತ್ರಿ... ಹೊಲಿಗೆ ಅಂತೆ ಹೊಲಿಗೆ! ಬುದ್ಧಿ ಇಲ್ವಾ ನಿಮಗೆ? ಎಂಥಾ ಜನ ನೀವು! ನಂಗೆ ಹಾಟ್‌ಡಿಶ್ ಒಂಚೂರೂ ಸೇರಲ್ಲ!" ಮೆಟ್ಟಿಲ ಮೇಲಿನ ಚೀಲವನ್ನು ಎಳೆದುಕೊಂಡು ಬಂದು ಹಜಾರದ ನಡುವೆ ದೊಪ್ಪೆಂದು ಎಸೆದಳು. ಅಂಗಿ, ಕಾಲುಚೀಲ ಎಲ್ಲ ಹೊರಗೆ ಚೆಲ್ಲಿದವು. ಅವಳು ಎತ್ತಲಿಲ್ಲ.

"ಏನಂತೆ?" ಎಂದು ಹುಲ್ಡಾ ಮೂಲೆಯಿಂದ ಕೂಗಿದಳು. "ಯಾರು ಬೈತಿರೋದು?"

"ಟೆಸ್ಸಾ, ಅತ್ತೆ" ಎಂದಳು ಮಾರ್ಲಿಸ್. ಕಣ್ಣಲ್ಲಿ ನೀರು ತುಂಬಿ ಎದುರಿಗೇನೂ ಕಾಣುತ್ತಿರಲಿಲ್ಲ. "ಬೈಯಲಿ ಬಿಡಿ, ಇನ್ನೂ ಬೈಯಲಿ."